ಮಡಿಕೇರಿಯಿಂದ ಮಾನಸಗಂಗೋತ್ರಿಗೆ: ಅಂಗವೈಕಲ್ಯದ ಉನ್ನತ ಅಧ್ಯಯನ ಸಾಗಿಬಂದ ದಾರಿ

ಕೊಡಗಿನಲ್ಲಿ ಪದವಿ ಮುಗಿಸಿದವರು ಅಂಗವೈಕಲ್ಯದ ಕುರಿತು ಸ್ನಾತಕೋತ್ತರ ಅಧ್ಯಯನಕ್ಕೆ ಹೊರಟರೆ ಅವರಿಗೆ ಎದುರಾಗುವ ಮೊದಲ ತೊಡಕು ಕೋರ್ಸುಗಳ ಹೆಸರಿನದು. ವಿಶೇಷ ಶಿಕ್ಷಣದ ಎಂ.ಎಡ್., ವಾಕ್ ಮತ್ತು ಶ್ರವಣ ವಿಜ್ಞಾನದ ಎಂ.ಎಸ್ಸಿ., ಅಂಗವೈಕಲ್ಯ ಅಧ್ಯಯನವನ್ನು ಒಳಗೊಂಡ ಸಮಾಜಕಾರ್ಯದ ಎಂ.ಎ. ಇವೆಲ್ಲ ದೂರದಿಂದ ಒಂದೇ ರೀತಿ ಕಂಡರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವು.

1964–66ರ ಕೊಠಾರಿ ಶಿಕ್ಷಣ ಆಯೋಗ ಅಂಗವೈಕಲ್ಯವಿರುವ ಮಕ್ಕಳೂ ಸಾಧ್ಯವಾದಷ್ಟು ಸಾಮಾನ್ಯ ಶಾಲೆಯಲ್ಲೇ ಕಲಿಯಲಿ ಎಂದಿತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಯೋಜನೆ ರೂಪಿಸಿತು. 1965ರಲ್ಲಿ ಆರಂಭವಾಗಿ ಇಂದು ಮಾನಸಗಂಗೋತ್ರಿಯಲ್ಲಿರುವ ಮೈಸೂರಿನ ವಾಕ್ ಶ್ರವಣ ಸಂಸ್ಥೆ ದೇಶದ ಈ ಕ್ಷೇತ್ರಕ್ಕೆ ತಜ್ಞರನ್ನು ಕೊಡುತ್ತ ಬಂದಿದೆ.

ಇಂದಿನ ಗೋಜಲಿನ ಮೂಲ ಹೆಚ್ಚಾಗಿ ಇರುವುದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಲ್ಲಿ. ತರಬೇತಿಯಿಲ್ಲದವರ ಕೈಗೆ ಮಕ್ಕಳು ಸಿಗಬಾರದೆಂಬ ಕಾಳಜಿ ಅದರ ಹಿಂದಿತ್ತು, ಆ ಕಾಳಜಿ ನ್ಯಾಯವಾದದ್ದೇ. ಕೋರ್ಸುಗಳಿಗೆ ಮಾನದಂಡ ಬಂತು, ವೃತ್ತಿಪರರಿಗೆ ನೋಂದಣಿ ಕಡ್ಡಾಯವಾಯಿತು. ನೋಂದಣಿಯಿಲ್ಲದೆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಾಯಿತು. ಆದರೆ ತರಬೇತಿ ವೈಕಲ್ಯಕ್ಕೊಂದರಂತೆ ಹಂಚಿಹೋಯಿತು. ಶ್ರವಣ ದೋಷದಲ್ಲಿ ಪರಿಣತಿ ಪಡೆದವರು ಬೌದ್ಧಿಕ ವೈಕಲ್ಯದ ಮಗುವಿನ ಮುಂದೆ ಹೊಸಬರಾದರು. ನಗರದಲ್ಲಿ ಇಬ್ಬರು ಮೂವರು ತಜ್ಞರನ್ನು ಒಟ್ಟಿಗೆ ಸೇರಿಸಬಹುದು. ಐದು ಮಕ್ಕಳಿಗೆ ಐದು ಬಗೆಯ ತೊಂದರೆಯಿದ್ದು ಹತ್ತಾರು ಶಾಲೆಗಳನ್ನು ಒಬ್ಬರೇ ಸುತ್ತಬೇಕಾದ ಗುಡ್ಡಗಾಡಿನಲ್ಲಿ ಅದು ಆಗದ ಮಾತು.

ಇದೇ ಹೊತ್ತಿಗೆ ಇನ್ನೊಂದು ಧಾರೆ ಬೆಳೆಯುತ್ತಿತ್ತು. ತೊಂದರೆ ಇರುವುದು ದೇಹದಲ್ಲಿ ಮಾತ್ರವಲ್ಲ, ಆ ದೇಹಕ್ಕೆ ಎಡೆಗೊಡದ ಕಟ್ಟಡ, ರಸ್ತೆ, ಕಾನೂನುಗಳಲ್ಲೂ ಇದೆ ಎಂದು ಬ್ರಿಟನ್ನಿನ ಅಂಗವಿಕಲರ ಸಂಘಟನೆಗಳು 1970ರ ದಶಕದಲ್ಲಿ ವಾದಿಸಿದವು. ಆ ವಾದದಿಂದ ಅಂಗವೈಕಲ್ಯ ಅಧ್ಯಯನವೆಂಬ ಶಿಸ್ತು ಹುಟ್ಟಿತು. ನಮ್ಮಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದನ್ನು ಸ್ನಾತಕೋತ್ತರ ಸಮಾಜಕಾರ್ಯದೊಳಗೆ ತಂದಿತು.

ಈ ವಾದ ನನಗೆ ಸರಿಯಾಗಿ ಅರ್ಥವಾದದ್ದು ಸೋಮವಾರಪೇಟೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ. ಗೃಹಾಧಾರಿತ ಶಿಕ್ಷಣದ ಶಿಕ್ಷಕಿಯೊಬ್ಬರ ಜೊತೆ ಆಟಿ ತಿಂಗಳ ಮಳೆಯಲ್ಲಿ ಅಲ್ಲಿನ ಲೈನ್ ಮನೆಗೆ, ಅಂದರೆ ಕಾರ್ಮಿಕರ ಸಾಲುಮನೆಗೆ ಹೋಗಿದ್ದೆ. ಜೀಪು ನಿಲ್ಲುವಲ್ಲಿಂದ ಮನೆಯವರೆಗೆ ಕೆಸರು ತುಂಬಿದ ಇಳಿಜಾರು. ಹುಡುಗಿಗೆಂದು ಬಂದ ಗಾಲಿಕುರ್ಚಿಯ ಮೇಲೆ ಒದ್ದೆಯಾಗದಿರಲೆಂದು ಸೌದೆ ಜೋಡಿಸಿಟ್ಟಿದ್ದರು. ಶಿಕ್ಷಕಿ ಕಾಫಿ ಬೀಜಗಳನ್ನು ಹರಡಿ ಎಣಿಕೆ ಕಲಿಸಿದರು. ಅವರು ತುಂಬಿಸಿದ ನಮೂನೆಯಲ್ಲಿ ವೈಕಲ್ಯದ ಶೇಕಡಾವಾರು ಬರೆಯಲು ಜಾಗವಿತ್ತು, ಆ ಇಳಿಜಾರಿನ ಬಗ್ಗೆ ಬರೆಯಲು ಇರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಧಾರೆಗಳನ್ನು ಒಂದೆಡೆ ತರಲು ಯತ್ನಿಸಿತು. 1995ರ ಕಾಯ್ದೆಯಲ್ಲಿ 7 ಇದ್ದ ವೈಕಲ್ಯಗಳ ಪಟ್ಟಿ 21ಕ್ಕೆ ಏರಿತು. ನಮ್ಮ ಗಿರಿಜನ ಹಾಡಿಗಳಲ್ಲೂ ಕಾಣುವ ಸಿಕಲ್ ಸೆಲ್ ಕಾಯಿಲೆಯೂ ಅದರಲ್ಲಿ ಸೇರಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲಾಯಿತು. ಅಂಗವಿಕಲರು ಅಧ್ಯಯನದ ವಸ್ತುವಷ್ಟೇ ಅಲ್ಲ, ಅಧ್ಯಯನ ಮಾಡುವವರೂ ಹೌದು ಎಂಬುದಕ್ಕೆ ಕಾನೂನಿನ ಬಲ ಬಂತು; ಆದರೆ ಸೀಟು ಸಿಕ್ಕರೂ ತರಗತಿಯವರೆಗೆ ಮೆಟ್ಟಿಲು ಹತ್ತಬೇಕಾದ ಸ್ಥಿತಿ ಎಷ್ಟೋ ಕಡೆ ಹಾಗೆಯೇ ಇದೆ.

ಪ್ರಾಥಮಿಕ ತರಗತಿಗಳಲ್ಲಿ ಅಂಗವೈಕಲ್ಯವಿರುವ ಪ್ರತಿ ಹತ್ತು ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ಅಂಥ ಪ್ರತಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆ ಶಿಕ್ಷಕರಿಗೆ ಪಾಠ ಹೇಳುವವರು ಬರಬೇಕಾದದ್ದು ಸ್ನಾತಕೋತ್ತರ ವಿಭಾಗಗಳಿಂದಲೇ. ಮಂಗಳೂರು ವಿಶ್ವವಿದ್ಯಾಲಯದ ಜ್ಞಾನ ಕಾವೇರಿ ಸ್ನಾತಕೋತ್ತರ ಕೇಂದ್ರವಿದ್ದ, ಕುಶಾಲನಗರದ ಹತ್ತಿರದ ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾದಾಗ ಇಂಥ ವಿಭಾಗವೊಂದು ಇಲ್ಲೇ ಬರಬಹುದೆಂಬ ಆಸೆ ನನ್ನಂಥವರಲ್ಲಿ ಮೂಡಿತ್ತು. ಎರಡೇ ವರ್ಷದಲ್ಲಿ, ಮುಚ್ಚಬಹುದಾದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಅದರ ಹೆಸರೂ ಕೇಳಿಬಂತು.

ಲೈನ್ ಮನೆಯಿಂದ ಹಿಂದಿರುಗುವಾಗ ಎಂ.ಎಡ್. ಮಾಡುವ ಯೋಚನೆಯಿದೆಯೇ ಎಂದು ಆ ಶಿಕ್ಷಕಿಯನ್ನು ಕೇಳಿದೆ. ಎರಡು ವರ್ಷ ಮೈಸೂರಿನಲ್ಲಿ ನಿಲ್ಲಬೇಕು, ಅಷ್ಟರೊಳಗೆ ಈ ಮಕ್ಕಳ ಮನೆಗೆ ಬರುವವರು ಯಾರು ಎಂದರು. ವಾರಾಂತ್ಯದ ತರಗತಿ ಕುಶಾಲನಗರದ ಹತ್ತಿರ ಎಲ್ಲಾದರೂ ನಡೆದರೆ ನಾಳೆಯೇ ಅರ್ಜಿ ಹಾಕುತ್ತೇನೆ ಎಂದೂ ಹೇಳಿದರು.