ಅಕ್ಷರ ಕೆಟ್ಟದಾಗಿರೋದು ಸೋಮಾರಿತನವಾ?

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ. ಬಾಯಲ್ಲಿ ಕೇಳಿದರೆ ಎಲ್ಲ ಉತ್ತರ ಹೇಳುತ್ತಾನೆ. ಬರೆಯೋಕೆ ಕೂತರೆ ನಾಲ್ಕು ಸಾಲಿಗೇ ಕೈ ನೋವು ಅಂತಾನೆ. ಅಕ್ಷರ ಗೆರೆ ಮೇಲೆ ನಿಲ್ಲುವುದಿಲ್ಲ. ಒತ್ತಿ ಒತ್ತಿ ಪೆನ್ಸಿಲ್ ಮೊನೆ ಮುರಿಯುತ್ತಾನೆ. ನಡೆಯುವಾಗಲೂ ಬಾಗಿಲಿಗೆ ಭುಜ ತಗಲಿಸಿಕೊಳ್ಳುತ್ತಾನೆ. ಸೋಮಾರಿ, ಗಮನ ಇಲ್ಲ ಅಂತ ಶಾಲೆಯಲ್ಲಿ ಹೇಳುತ್ತಾರೆ. ನಿಜವಾ?

ಉತ್ತರ: ನೀವು ಬರೆದದ್ದನ್ನು ಓದಿದರೆ ನನಗೆ ಹಾಗನ್ನಿಸುತ್ತಿಲ್ಲ. ಪಟಪಟ ಅಂತ ಉತ್ತರ ಹೇಳುವ ಮಗು ಪೆನ್ಸಿಲ್ ಕಂಡರೆ ಹಿಂಜರಿಯುತ್ತದೆ ಅಂದರೆ, ಬರೆಯುವ ಕೆಲಸವೇ ಅದಕ್ಕೆ ಭಾರವಾಗಿರಬಹುದು.

ಅವನ ನೋಟ್‌ಬುಕ್ಕಿನ ಒಂದು ಹಾಳೆ ತಿರುಗಿಸಿ, ಹಿಂಬದಿಯ ಮೇಲೆ ಮೆಲ್ಲಗೆ ಬೆರಳಾಡಿಸಿ. ಅಕ್ಷರಗಳು ಉಬ್ಬಿಕೊಂಡು ಬೆರಳಿಗೆ ಸಿಗುತ್ತವಾ? ಕೆಳಗಿನ ಹಾಳೆಯ ಮೇಲೂ ಅಚ್ಚು ಬಿದ್ದಿದೆಯಾ? ಆಮೇಲೆ ಅವನು ಬರೆಯುವಾಗ ಪಕ್ಕದಲ್ಲಿ ಸುಮ್ನೆ ಕೂತು ಬೆರಳು ನೋಡಿ. ಉಗುರಿನ ತುದಿ ಬೆಳ್ಳಗಾಗಿ, ಬೆರಳಿನ ಗೆಣ್ಣು ಒಳಕ್ಕೆ ಬಗ್ಗಿದ್ದರೆ ಅಷ್ಟು ಬಲ ಹಾಕುತ್ತಿದ್ದಾನೆ ಅಂತ ಅರ್ಥ. ನಾಲ್ಕು ಸಾಲಿಗೇ ಕೈ ನೋಯುವುದು ನೆಪವಲ್ಲ.

ಯಾಕೆ ಹೀಗೆ? ಇಂದ್ರಿಯಗಳು ಐದು ಅಂತ ನಾವೆಲ್ಲ ಓದಿದ್ದೇವೆ, ಅಲ್ವಾ? ಅವುಗಳ ಜೊತೆಗೆ ಸ್ನಾಯು, ಕೀಲುಗಳಿಂದಲೂ ಮೆದುಳಿಗೆ ಸುದ್ದಿ ಹೋಗುತ್ತಲೇ ಇರುತ್ತದೆ. ಕೈ ಎಲ್ಲಿದೆ, ಎಷ್ಟು ಬಗ್ಗಿದೆ, ಎಷ್ಟು ಒತ್ತುತ್ತಿದೆ ಅನ್ನುವ ಸುದ್ದಿ. ಕಣ್ಣು ಮುಚ್ಚಿಕೊಂಡೂ ನಾವು ಮೂಗಿನ ತುದಿ ಮುಟ್ಟುವುದು ಇದರಿಂದಲೇ. ದೇಹದ ಸಮತೋಲನದ ಸುದ್ದಿ ಒಳಕಿವಿಯಿಂದ ಬರುತ್ತದೆ. ಕೆಲವು ಮಕ್ಕಳಲ್ಲಿ ಈ ಸುದ್ದಿ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಆಗ ಪೆನ್ಸಿಲ್ ಕೈಯಲ್ಲಿದೆ ಅಂತ ಗೊತ್ತಾಗಲಿಕ್ಕೇ ಜಾಸ್ತಿ ಒತ್ತಬೇಕಾಗಬಹುದು. ನೆಟ್ಟಗೆ ಕೂರುವುದಕ್ಕೇ ಶಕ್ತಿ ಖರ್ಚಾಗಿ, ಮಗು ತಲೆಗೆ ಕೈ ಕೊಟ್ಟು ಮೇಜಿನ ಮೇಲೆ ಒರಗಬಹುದು. ಬಾಗಿಲಿಗೆ ಭುಜ ತಗಲುವುದೂ ಇದೇ ಕಥೆ ಇರಬಹುದು. ಇಂದ್ರಿಯಗಳ ಸುದ್ದಿಗೂ ಕಲಿಕೆಗೂ ನಂಟಿದೆ ಅನ್ನುವ ವಿಚಾರವನ್ನು 1960-70ರ ದಶಕದಲ್ಲಿ ಬೆಳೆಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ಬರೆಯೋದು, ಬಟ್ಟೆ ಹಾಕಿಕೊಳ್ಳೋದು ಮುಂತಾದ ದಿನದ ಕೆಲಸಗಳಿಗೆ ನೆರವಾಗುವ ಚಿಕಿತ್ಸಕರು) ಜೀನ್ ಏರ್ಸ್.

ಒಂದು ಮಾತು ಬಿಚ್ಚಿ ಹೇಳಬೇಕು. ‘ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್’ (ಇಂದ್ರಿಯಗಳ ಸುದ್ದಿ ಸರಿಯಾಗಿ ಹೊಂದಿಕೊಳ್ಳದ ತೊಂದರೆ) ಅನ್ನುವ ಹೆಸರು ನಿಮ್ಮ ಕಿವಿಗೆ ಬೀಳಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ವೈದ್ಯರು ಇಂಥ ತೊಂದರೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಅದು ಪ್ರತ್ಯೇಕ ಕಾಯಿಲೆಯಾಗಿ ಇಲ್ಲ. ‘ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್’ ಅದರಲ್ಲಿದೆ. ಅಂದರೆ ಚಿಕ್ಕಂದಿನಿಂದಲೂ ಕೈಕಾಲುಗಳ ಹೊಂದಾಣಿಕೆ ವಯಸ್ಸಿಗೆ ತಕ್ಕಂತೆ ಬರದೆ, ದಿನದ ಕೆಲಸಕ್ಕೆ ತೊಡಕಾಗುವುದು. 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ 5-6 ಮಂದಿಗೆ ಇದು ಇರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು! ಆ ಇಬ್ಬರೂ ಎಷ್ಟು ಬೈಸಿಕೊಂಡಿರುತ್ತಾರೋ ಅಂತ ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ಬರವಣಿಗೆ ಒಂದನ್ನೇ ನೋಡಬೇಡಿ. ಅಂಗಿಯ ಗುಂಡಿ ಹಾಕಿಕೊಳ್ಳೋದು, ಶೂ ಲೇಸ್ ಕಟ್ಟೋದು, ಚೆಂಡು ಹಿಡಿಯೋದು ಹೇಗಿದೆ? ಅಂಗಿಯ ಲೇಬಲ್ ಕುತ್ತಿಗೆಗೆ ತಾಗಿದರೂ ಸಹಿಸುವುದಿಲ್ಲವಾ? ಎಲ್ಲ ಕಡೆಯೂ ಎಡವಟ್ಟು ಕಂಡರೆ ಮಕ್ಕಳ ವೈದ್ಯರಿಗೂ ಆಕ್ಯುಪೇಷನಲ್ ಥೆರಪಿಸ್ಟರಿಗೂ ತೋರಿಸಿ. ಅದಕ್ಕೂ ಮುಂಚೆ ಕಣ್ಣಿನ ಪರೀಕ್ಷೆ ಆಗಲಿ. ಮೊದಲು ಬರುತ್ತಿದ್ದ ಕೆಲಸ ಈಗ ಬರುತ್ತಿಲ್ಲ, ಒಂದೇ ಕಡೆಯ ಕೈಕಾಲು ಸೋಲುತ್ತಿದೆ, ಹೊಸದಾಗಿ ನಡುಕ ಶುರುವಾಗಿದೆ ಅಂದರೆ ಮಾತ್ರ ಕಾಯಲೇಬೇಡಿ, ತಕ್ಷಣ ವೈದ್ಯರ ಹತ್ತಿರ ಹೋಗಿ.

ಪೆನ್ಸಿಲ್ ಹಿಡಿಯುವ ರೀತಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೂರು ಬೆರಳೋ ನಾಲ್ಕು ಬೆರಳೋ, ಕೈ ನೋಯದೆ ಅಕ್ಷರ ಓದುವಂತಿದ್ದರೆ ಸಾಕು.

ಮನೆಯಲ್ಲಿ ಅವನ ಪಾದ ನೆಲಕ್ಕೆ ಊರುವಂತೆ, ಮೇಜು ಮೊಣಕೈ ಮಟ್ಟಕ್ಕಿರುವಂತೆ ಕೂರಿಸಿ. ಮುಟ್ಟುತ್ತಿಲ್ಲವೆಂದರೆ ಕಾಲ ಕೆಳಗೆ ಒಂದು ಪೆಟ್ಟಿಗೆ ಇಡಿ. ಎರಡು ಹಾಳೆ ನಡುವೆ ಕಾರ್ಬನ್ ಇಟ್ಟು ಆಟ ಆಡಿಸಿ: ಒಮ್ಮೆ ಅಚ್ಚು ಬೀಳಬೇಕು, ಇನ್ನೊಮ್ಮೆ ಬೀಳಬಾರದು. ಎಷ್ಟು ಒತ್ತಿದರೆ ಏನಾಗುತ್ತದೆ ಅಂತ ಅವನ ಕಣ್ಣಿಗೇ ಕಾಣುತ್ತದೆ. ದಿನಕ್ಕೆ ಹತ್ತು ನಿಮಿಷ ಬರೆದರೆ ಸಾಕು, ಆದರೆ ಬರೆಯಲೇಬೇಕು. ಮಣ್ಣಿನಲ್ಲಿ ಆಡೋದು, ಉಯ್ಯಾಲೆ ಎಲ್ಲ ಒಳ್ಳೆಯದೇ. ಅದಷ್ಟರಿಂದಲೇ ಅಕ್ಷರ ದುಂಡಗಾಗುವುದಿಲ್ಲ. ಹತ್ತು ಸಲ ಬರೆಸುವ ಶಿಕ್ಷೆಯಂತೂ ಬೇಡವೇ ಬೇಡ.

ಶಾಲೆಯವರ ಹತ್ತಿರ ಕೂತು ಮಾತಾಡಿ. ಬೋರ್ಡಿನಿಂದ ಇಳಿಸಿಕೊಳ್ಳೋದು ಕಡಿಮೆ ಮಾಡಿ, ಸ್ವಲ್ಪ ಜಾಸ್ತಿ ಸಮಯ ಕೊಡಿ, ಕೆಲವು ಉತ್ತರ ಬಾಯಲ್ಲೇ ಕೇಳಿ ಅಂತ ವಿನಂತಿಸಿ. ಥೆರಪಿಸ್ಟ್ ಹತ್ತಿರ ಹೋಗುವಾಗ ನೋಟ್‌ಬುಕ್ ಮರೆಯಬೇಡಿ. ಬೆಳಿಗ್ಗೆ ಬರೆದ ಒಂದು ಪುಟ, ಸಂಜೆ ಸುಸ್ತಾದ ಮೇಲೆ ಬರೆದ ಒಂದು ಪುಟ, ಎರಡೂ ಅದರಲ್ಲಿರಲಿ.