ಸೂಜಿ ಚಿಕಿತ್ಸೆಗೆ ಪುರಾವೆ ಎಷ್ಟಿದೆ? ಸೊಲ್ಲಾಪುರವನ್ನು ಹಾದು ಬಂದ ಒಂದು ವಾದದ ಕಥೆ

ಕಲಬುರಗಿಯ ಸೂಪರ್ ಮಾರ್ಕೆಟ್ ಆಸುಪಾಸಿನಲ್ಲಿ ಒಂದು ಸುತ್ತು ಹಾಕಿದರೆ ನಾಡಿನಲ್ಲಿರುವ ಅಷ್ಟೂ ಬಗೆಯ ವೈದ್ಯದ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಮೂಳೆ ತಜ್ಞರ ಆಸ್ಪತ್ರೆ, ಆಯುರ್ವೇದ ಚಿಕಿತ್ಸಾಲಯ, ಯುನಾನಿ ದವಾಖಾನೆ, ಹೋಮಿಯೋಪತಿ, ಚರ್ಮಕ್ಕೆ ಬಟ್ಟಲು ಅಂಟಿಸಿ ರಕ್ತ ಹೀರುವ ಹಿಜಾಮಾ. ಇವುಗಳ ನಡುವೆ ಈಗ ಅಕ್ಯುಪಂಕ್ಚರ್, ಅಂದರೆ ದೇಹದ ಗೊತ್ತಾದ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚೀನಾದ ಚಿಕಿತ್ಸೆ ಕೂಡ ಜಾಗ ಮಾಡಿಕೊಂಡಿದೆ. ತೊಗರಿ ರಾಶಿ ಮುಗಿದ ಮೇಲೆ ಸೇಡಂ, ಚಿತ್ತಾಪುರ, ಆಳಂದದ ಕಡೆಯಿಂದ ಬಸ್ ಹತ್ತಿ ಬರುವ ಹೆಂಗಸರ ದೂರು ಬಹುಪಾಲು ಎರಡೇ: ನಡ ನೋವು, ಮೊಣಕಾಲು ನೋವು. ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಂಡವರು, ಆಪರೇಷನ್ ಎಂದರೆ ಹೆದರುವವರು ಸೂಜಿಯ ಕಡೆ ಹೊರಳುತ್ತಾರೆ.

ಆಮೇಲೆ ಮನೆಯಲ್ಲಿ ವಾದ ಶುರುವಾಗುತ್ತದೆ. "ಅವ್ವ, ಅದು ಬರೀ ನಂಬಿಕೆ" ಎನ್ನುತ್ತಾನೆ ಓದಿದ ಮಗ. "ನೋವು ನನ್ನದು, ಕಡಿಮೆಯಾದದ್ದು ನನಗೆ ಗೊತ್ತಿಲ್ಲವೇ?" ಎನ್ನುತ್ತಾಳೆ ತಾಯಿ. ಕಳೆದ ಐವತ್ತು ವರ್ಷಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು ನೋಡಿದರೆ ತಾಯಿಯ ಮಾತು ಸುಳ್ಳಲ್ಲ, ಮಗನ ಅನುಮಾನಕ್ಕೂ ಆಧಾರವಿದೆ. ಅಲ್ಲಿಗೆ ಬಂದು ಮುಟ್ಟಲು ಈ ವಾದ ಬಹಳ ದೂರ ಸುತ್ತಿದೆ.

ಆ ಹಾದಿಯ ಒಂದು ತುದಿ ನಮ್ಮ ನೆರೆಯಲ್ಲೇ ಇದೆ. ಕಲಬುರಗಿಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್, ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ಭಾರತ ಕಳುಹಿಸಿದ ಐವರು ವೈದ್ಯರ ತಂಡದಲ್ಲಿದ್ದರು. ಗಾಯಾಳು ಸೈನಿಕರ ಆರೈಕೆಯಲ್ಲೇ ಜೀವ ತೇಯ್ದು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಕೋಲ್ಕತ್ತದಲ್ಲಿ ಅದನ್ನು ಆರಂಭಿಸಿದರು. ಭಾರತದಲ್ಲಿ ಅಕ್ಯುಪಂಕ್ಚರ್ ಬೇರೂರಿದ್ದು ಹೀಗೆ. ಬಂಗಾಳದಲ್ಲಿ ಅದಕ್ಕೆ ಮೊದಲು ಮನ್ನಣೆ ಸಿಕ್ಕಿದ್ದಕ್ಕೂ ಇದೇ ಹಿನ್ನೆಲೆ.

"ಐದು ಸಾವಿರ ವರ್ಷಗಳ ಪದ್ಧತಿ" ಎಂಬ ಮಾತು ಚಿಕಿತ್ಸಾಲಯಗಳ ಕರಪತ್ರಗಳಲ್ಲಿ ಸಾಮಾನ್ಯ. ಚೀನಾದ ದಾಖಲೆಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಮಾವಾಂಗ್‌ದುಯಿ ಸಮಾಧಿಯನ್ನು 1970ರ ದಶಕದಲ್ಲಿ ಅಗೆದಾಗ ಸಿಕ್ಕ ವೈದ್ಯ ಬರಹಗಳಲ್ಲಿ ದೇಹದ ನಾಳಗಳ ವಿವರಣೆಯಿದೆ, ಮೂಲಿಕೆ ಸುಟ್ಟು ಶಾಖ ಕೊಡುವ ವಿಧಾನವಿದೆ. ಸೂಜಿಯ ಸುದ್ದಿಯೇ ಇಲ್ಲ. ಚೀನಾ ಈ ಪದ್ಧತಿಯನ್ನು ಎಂದೂ ಎದೆಗವಚಿಕೊಂಡೇ ಇತ್ತು ಎನ್ನುವುದೂ ನಿಜವಲ್ಲ. 1822ರಲ್ಲಿ ದಾವೊಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯ ಸಂಸ್ಥೆಯಿಂದ ಸೂಜಿ ಚಿಕಿತ್ಸೆಯನ್ನು ಹೊರಹಾಕಿದ. 1929ರಲ್ಲಿ ಅಲ್ಲಿನ ಗಣರಾಜ್ಯ ಸರ್ಕಾರ ಹಳೆಯ ವೈದ್ಯವನ್ನೇ ನಿಲ್ಲಿಸಲು ಹೊರಟು, ವೈದ್ಯರು ಬೀದಿಗಿಳಿದ ಮೇಲೆ ಹಿಂದೆ ಸರಿಯಿತು. ಅದಕ್ಕೆ ಮತ್ತೆ ಪಟ್ಟ ಕಟ್ಟಿದವರು ಮಾವೊ. 1949ರ ನಂತರ ಅಷ್ಟು ದೊಡ್ಡ ದೇಶಕ್ಕೆ ಸಾಕಾಗುವಷ್ಟು ಆಧುನಿಕ ವೈದ್ಯರಿರಲಿಲ್ಲ. ಹಳ್ಳಿಗಳಲ್ಲಿದ್ದ ಸಾಂಪ್ರದಾಯಿಕ ವೈದ್ಯರನ್ನು ಬಳಸಿಕೊಳ್ಳದೆ ವಿಧಿಯಿರಲಿಲ್ಲ. ನಿರ್ಧಾರ ಆಡಳಿತದ್ದಾಗಿತ್ತು, ಪ್ರಯೋಗಾಲಯದ್ದಲ್ಲ. ಇದನ್ನು ನಾನು ದೋಷವೆಂದು ಹೇಳುತ್ತಿಲ್ಲ. ಆದರೆ ಸರ್ಕಾರದ ಮನ್ನಣೆಯನ್ನು ಪುರಾವೆಯೆಂದು ಓದುವ ಅಭ್ಯಾಸಕ್ಕೆ ಬೀಜ ಬಿದ್ದದ್ದು ಅಲ್ಲಿಯೇ.

ಜಗತ್ತಿನ ಕಣ್ಣು ಸೂಜಿಯ ಮೇಲೆ ಬಿದ್ದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಅಮೆರಿಕದ ಪತ್ರಕರ್ತನಿಗೆ ಅರಿವಳಿಕೆಯಿಲ್ಲದೆ ಬರೀ ಸೂಜಿ ಚುಚ್ಚಿ ಹೊಟ್ಟೆ ಕೊಯ್ದರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ರೆಸ್ಟನ್ ಬರೆದದ್ದೇ ಬೇರೆ: ಆಪರೇಷನ್‌ಗೆ ಮಾಮೂಲಿ ಅರಿವಳಿಕೆಯ ಇಂಜೆಕ್ಷನ್ ಕೊಟ್ಟಿದ್ದರು; ಮರುದಿನ ರಾತ್ರಿ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೊಣಕೈಗೂ ಮೊಣಕಾಲಿನ ಕೆಳಗೂ ಮೂರು ಸೂಜಿ ಚುಚ್ಚಿದರು, ಗಂಟೆಯೊಳಗೆ ಹಾಯೆನಿಸಿತು. ಮುಂದಿನ ವರ್ಷ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದರು. ಅಮೆರಿಕದಲ್ಲಿ ಸೂಜಿಯ ಹುಚ್ಚು ಹಬ್ಬಿತು, ಬೆನ್ನಿಗೇ ಪರೀಕ್ಷೆಯ ಒತ್ತಾಯವೂ ಬಂತು.

ಔಷಧವಾದರೆ ಪರೀಕ್ಷೆ ಸುಲಭ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಅದೇ ಬಣ್ಣದ ಸಕ್ಕರೆ ಮಾತ್ರೆ. ಆದರೆ ಚುಚ್ಚಿದ್ದೋ ಇಲ್ಲವೋ ಎಂಬುದು ರೋಗಿಗೆ ಗೊತ್ತಾಗದಂತೆ ಚುಚ್ಚುವುದು ಹೇಗೆ? 1998ರಲ್ಲಿ ಜರ್ಮನಿಯ ಕಾನ್ರಾಡ್ ಸ್ಟ್ರೈಟ್‌ಬರ್ಗರ್ ಒಂದು ಉಪಾಯ ಮುಂದಿಟ್ಟರು. ಮೊಂಡು ತುದಿಯ ಸೂಜಿ. ಚರ್ಮಕ್ಕೆ ತಾಗಿದೊಡನೆ ಅದರ ಕಡ್ಡಿ ಹಿಡಿಕೆಯೊಳಕ್ಕೆ ಸರಿಯುತ್ತದೆ, ನಮ್ಮ ಕಂಪನಿ ನಾಟಕಗಳಲ್ಲಿ ಖಳನಾಯಕ ಇರಿಯುವ ಚೂರಿಯ ಹಾಗೆ. ಚರ್ಮದ ಮೇಲೆ ಪುಟ್ಟ ಪ್ಲಾಸ್ಟಿಕ್ ಬಳೆಯಿಟ್ಟು ಪಟ್ಟಿ ಹಾಕಿರುವುದರಿಂದ ಸೂಜಿ ನೆಟ್ಟಗೆ ನಿಲ್ಲುತ್ತದೆ. ರೋಗಿಗೆ ಚುರುಕ್ ಎನ್ನುತ್ತದೆ, ಸೂಜಿ ಗಿಡ್ಡವಾದದ್ದೂ ಕಾಣುತ್ತದೆ, ಒಳಗೆ ಮಾತ್ರ ಏನೂ ಹೋಗಿರುವುದಿಲ್ಲ. ಇನ್ನು ಕೆಲವು ಪ್ರಯೋಗಗಳಲ್ಲಿ ನಿಜವಾದ ಸೂಜಿಯನ್ನೇ ಶಾಸ್ತ್ರದಲ್ಲಿ ಹೇಳಿದ ಬಿಂದುವನ್ನು ಬಿಟ್ಟು ಬೇರೆಲ್ಲೋ ಮೇಲೆಮೇಲೆ ಚುಚ್ಚಿದರು.

ಫಲಿತಾಂಶ ಎರಡೂ ಪಕ್ಷಗಳ ಬಾಯಿ ಕಟ್ಟಿಸಿತು. ದೀರ್ಘಕಾಲದ ಸೊಂಟ ನೋವಿದ್ದ 1,162 ಜನರ ಮೇಲೆ ನಡೆದ ಜರ್ಮನಿಯ ದೊಡ್ಡ ಪ್ರಯೋಗದ ವರದಿ 2007ರಲ್ಲಿ ಬಂತು. ಆರು ತಿಂಗಳ ಬಳಿಕ ಶಾಸ್ತ್ರೋಕ್ತ ಸೂಜಿಯಿಂದ ಶೇ 47.6 ಜನ ಸುಧಾರಿಸಿದ್ದರು. ಬಿಂದು ಬಿಟ್ಟು ಬೇರೆಡೆ ಮೇಲೆಮೇಲೆ ಚುಚ್ಚಿದ ಹುಸಿ ಸೂಜಿಯಿಂದ ಶೇ 44.2. ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿ ಸೇರಿದ ರೂಢಿಯ ಚಿಕಿತ್ಸೆಯಿಂದ ಶೇ 27.4. ಅಂದರೆ ಸೂಜಿ ಗೆದ್ದಿತು, ಆದರೆ ಎಲ್ಲಿ ಚುಚ್ಚಬೇಕೆಂಬ ಶಾಸ್ತ್ರ ಗೆಲ್ಲಲಿಲ್ಲ. 2012ರಲ್ಲಿ ಆ್ಯಂಡ್ರೂ ವಿಕರ್ಸ್ ಮತ್ತು ಸಂಗಡಿಗರು 29 ಪ್ರಯೋಗಗಳ 17,922 ರೋಗಿಗಳ ವಿವರವನ್ನು ಒಟ್ಟುಗೂಡಿಸಿದರು. ಅವರ ಲೆಕ್ಕವನ್ನು ನಮ್ಮ ತಾಯಿಗೆ ಹೀಗೆ ಹೇಳಬಹುದು: ನೂರಕ್ಕೆ 60ರಷ್ಟು ನೋವಿದ್ದವಳು ಸೂಜಿಯೇ ಇಲ್ಲದೆ 43ಕ್ಕೆ ಇಳಿದರೆ, ಹುಸಿ ಸೂಜಿಯಿಂದ 35ಕ್ಕೆ, ನಿಜವಾದ ಸೂಜಿಯಿಂದ 30ಕ್ಕೆ ಇಳಿಯುತ್ತಾಳೆ. 43ಕ್ಕೂ 30ಕ್ಕೂ ನಡುವಿನ ಅಂತರ ತಾಯಿಯ ಅನುಭವ. 35ಕ್ಕೂ 30ಕ್ಕೂ ನಡುವಿನ ಚಿಕ್ಕ ಅಂತರ ಮಗನ ಅನುಮಾನ.

ಇದೇ ವಿಕರ್ಸ್ 1998ರಲ್ಲಿ ಇನ್ನೊಂದು ಸಂಗತಿ ತೋರಿಸಿದ್ದರು. ಅವರು ಪರಿಶೀಲಿಸಿದ, ಚೀನಾದಲ್ಲಿ ನಡೆದ ಅಕ್ಯುಪಂಕ್ಚರ್ ಪ್ರಯೋಗಗಳಲ್ಲಿ ಸೂಜಿ ಸೋತದ್ದು ಒಂದೂ ಇರಲಿಲ್ಲ. ಎಲ್ಲ ಪರೀಕ್ಷೆಯಲ್ಲೂ ಎಲ್ಲರೂ ಪಾಸಾದರೆ ಅನುಮಾನ ಪಡಬೇಕಾದದ್ದು ಪರೀಕ್ಷೆಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಗೋಡೆಗೆ ತೂಗುವ ರೋಗಗಳ ಪಟ್ಟಿಯನ್ನೂ ಇದೇ ಬೆಳಕಿನಲ್ಲಿ ಓದಬೇಕು. 1979ರಲ್ಲಿ ಹೊರಬಂದ, 43 ರೋಗಗಳ ಆ ಪಟ್ಟಿಯ ಜೊತೆಗೇ ಇದು ವೈದ್ಯರ ಅನುಭವವನ್ನು ಆಧರಿಸಿದ್ದು, ನಿಯಂತ್ರಿತ ಪ್ರಯೋಗಗಳನ್ನೇ ಆಧರಿಸಿದ್ದಲ್ಲ ಎಂಬ ಎಚ್ಚರಿಕೆಯಿತ್ತು. ಗೋಡೆಗೆ ಬರುವಷ್ಟರಲ್ಲಿ ಎಚ್ಚರಿಕೆ ಕಳಚಿಹೋಗಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯೂ ಡೋಲಾಯಮಾನವಾಗಿಯೇ ಇದೆ: 2009ರಲ್ಲಿ ಸೊಂಟ ನೋವಿಗೆ ಸೂಜಿಯನ್ನು ಶಿಫಾರಸು ಮಾಡಿತು, 2016ರಲ್ಲಿ ಹಿಂತೆಗೆದುಕೊಂಡಿತು, 2021ರಲ್ಲಿ ಬೇರೊಂದು ಬಗೆಯ ದೀರ್ಘಕಾಲದ ನೋವಿಗೆ ಮತ್ತೆ ಒಪ್ಪಿತು. ನೋವು, ತಲೆಶೂಲೆ, ಆಪರೇಷನ್ ನಂತರದ ವಾಂತಿ ಇಷ್ಟರಲ್ಲಿ ಸೂಜಿಯ ಪರವಾಗಿ ಒಂದಿಷ್ಟು ಪುರಾವೆಯಿದೆ. ಸಕ್ಕರೆ ಕಾಯಿಲೆ ವಾಸಿಮಾಡುವ, ಲಕ್ವ ಹೊಡೆದ ಕೈಕಾಲನ್ನು ಮೊದಲಿನಂತೆ ಮಾಡುವ ಮಾತಿಗೆ ಅಂಥ ಬಲವಿಲ್ಲ.

ಹಲವು ವೈದ್ಯಗಳು ಒಂದೇ ಸೂರಿನಡಿ ಇರುವುದು ಈ ನೆಲಕ್ಕೆ ಹೊಸದಲ್ಲ. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ 15ನೇ ಶತಮಾನದಲ್ಲಿ ಬೀದರ್‌ನಲ್ಲಿ ಆಸ್ಪತ್ರೆ ಕಟ್ಟಿಸಿ, ಅದಕ್ಕೆ ಊರುಗಳನ್ನು ಉಂಬಳಿ ಬಿಟ್ಟು, ಹಿಂದೂ ಮತ್ತು ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಮುಂದೆ ಈ ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ ಯುನಾನಿಗೆ ದರ್ಬಾರಿನ ಆಸರೆಯಿತ್ತು. ಅದೇ ಆಡಳಿತ ಪ್ರಯೋಗಕ್ಕೂ ದುಡ್ಡು ಸುರಿಯಿತು. ಅರಿವಳಿಕೆಗೆಂದು ಕ್ಲೋರೊಫಾರಂ ಕೊಟ್ಟಾಗ ರೋಗಿ ಸಾಯುವುದು ಉಸಿರು ನಿಂತೋ ಹೃದಯ ನಿಂತೋ ಎಂದು ತಿಳಿಯಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿದವು. ಖರ್ಚು ಆರನೇ ನಿಜಾಮ ಮಹಬೂಬ್ ಅಲಿ ಖಾನರದು. ಹೃದಯಕ್ಕೆ ನೇರ ಅಪಾಯವಿಲ್ಲ, ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು ಎಂಬುದು ಆಯೋಗದ ತೀರ್ಮಾನ. ಅದು ತಪ್ಪೆಂದು 1911ರಲ್ಲಿ ಲೆವಿ ಎಂಬ ವೈದ್ಯ ತೋರಿಸಿಕೊಟ್ಟ. ಆಧುನಿಕ ವೈದ್ಯವೂ ದಾರಿ ತಪ್ಪಿದೆ, ಮುಂದಿನ ಪರೀಕ್ಷೆ ಅದನ್ನು ದಾರಿಗೆ ತಂದಿದೆ. ಅಲೋಪತಿ ಪರವಾಗಿ ವಾದಿಸುವವರು ಬಿಟ್ಟುಬಿಡುವ ಈ ಅಧ್ಯಾಯವೇ ನನಗೆ ಅತ್ಯಂತ ಅಮೂಲ್ಯವಾಗಿ ಕಾಣುತ್ತದೆ.

ಸಾಂಪ್ರದಾಯಿಕ ಮದ್ದು ಪರೀಕ್ಷೆ ಗೆದ್ದ ಉದಾಹರಣೆಗಳೂ ಇವೆ. ಸರ್ಪಗಂಧದ ಬೇರನ್ನು ಹಕೀಮರು, ವೈದ್ಯರು ಬಹುಕಾಲದಿಂದ ಬಲ್ಲರು. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ 1931ರಲ್ಲಿ ಅದರಿಂದ ಬೇರ್ಪಡಿಸಿದ ವಸ್ತುವಿಗೆ ಹಕೀಮ್ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಆ ಬೇರು ರಕ್ತದೊತ್ತಡ ಇಳಿಸುವುದನ್ನು ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಜಗತ್ತಿನ ಮುಂದಿಟ್ಟರು, 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಔಷಧ ಸಿಕ್ಕಿತು. ಚೀನಾದ ಹಳೆಯ ಗ್ರಂಥದ ಸುಳಿವು ಹಿಡಿದು ಮಲೇರಿಯಾ ಮದ್ದು ಹುಡುಕಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಹಳೆಯದೆಂಬ ಕಾರಣಕ್ಕೆ ಯಾರೂ ಇವನ್ನು ತಳ್ಳಿಹಾಕಲಿಲ್ಲ, ಹಳೆಯದೆಂಬ ಕಾರಣಕ್ಕೆ ಒಪ್ಪಿಕೊಳ್ಳಲೂ ಇಲ್ಲ.

ಪರೀಕ್ಷೆಯ ನೆರಳೂ ಬೀಳದ ಪದ್ಧತಿಗಳು ಮಾತ್ರ ಜೀವ ಹಿಂಡುತ್ತವೆ. ಕಾಮಾಲೆಯಾದ, ಹೊಟ್ಟೆ ಉಬ್ಬಿದ ಹಸುಗೂಸಿಗೆ ಕಾಯಿಸಿದ ಸೂಜಿಯಿಂದ ಚುಟಿಗೆ ಹಾಕಿಸುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಆ ಗಾಯ ಕೀವಾಗಬಹುದು, ನಂಜು ರಕ್ತಕ್ಕೇರಬಹುದು. ಕೂಸು ಆಸ್ಪತ್ರೆ ಸೇರಬೇಕಾದ ಹೊತ್ತು ಕಳೆದುಹೋಗುತ್ತದೆ. ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತೇವೆ ಎಂಬ ಜಾಹೀರಾತನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ, ಆದರೂ ಅಂಥವು ಆಟೋಗಳ ಬೆನ್ನ ಮೇಲೆ ಊರೆಲ್ಲ ತಿರುಗುತ್ತವೆ. ಅದನ್ನು ನಂಬಿ ಇನ್ಸುಲಿನ್ ಬಿಟ್ಟವನಿಗೆ ಆಗುವ ಹಾನಿಯ ಮುಂದೆ ಅಕ್ಯುಪಂಕ್ಚರ್ ಸೂಜಿಯ ಅಪಾಯ ತೀರಾ ಚಿಕ್ಕದು, ಒಮ್ಮೆ ಬಳಸಿದ ಸೂಜಿಯನ್ನು ಎಸೆದರೆ ಮತ್ತು ಎದೆಯ ಭಾಗದಲ್ಲಿ ಆಳಕ್ಕೆ ಚುಚ್ಚದಿದ್ದರೆ.

ಹುಸಿ ಸೂಜಿಯೂ ನೋವನ್ನು ಅಷ್ಟು ಇಳಿಸುತ್ತದೆಂದರೆ ಕೆಲಸ ಮಾಡುತ್ತಿರುವುದು ಯಾವುದು? ಹಾರ್ವರ್ಡ್‌ನ ಟೆಡ್ ಕಾಪ್ಚುಕ್ ತಂಡ ಕರುಳಿನ ತೊಂದರೆಯಿದ್ದ 262 ಜನರನ್ನು ಮೂರು ಗುಂಪು ಮಾಡಿ ಪಡೆದ ಉತ್ತರ 2008ರಲ್ಲಿ ಪ್ರಕಟವಾಯಿತು. ನಿಜವಾದ ಸೂಜಿ ಅವರಲ್ಲಿ ಯಾರಿಗೂ ಹೋಗಿರಲಿಲ್ಲ. ಬರೀ ಸರದಿಯಲ್ಲಿ ಕಾಯಿಸಿದವರಲ್ಲಿ ಶೇ 28 ಜನರಿಗೆ ಸಮಾಧಾನ ಸಿಕ್ಕಿತ್ತು. ಹುಸಿ ಸೂಜಿ ಹಾಕಿ, ಮಾತು ಐದು ನಿಮಿಷದೊಳಗೆ ಮುಗಿಸಿದವರಲ್ಲಿ ಶೇ 44. ಅದೇ ಹುಸಿ ಸೂಜಿಯ ಜೊತೆಗೆ ಮುಕ್ಕಾಲು ಗಂಟೆ ಕೂತು ಅಕ್ಕರೆಯಿಂದ ಕೇಳಿಸಿಕೊಂಡಾಗ ಶೇ 62.

ನಮ್ಮ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಚೀಟಿ ಹಿಡಿದು ನಿಂತ ತಾಯಿಗೆ ಐದು ನಿಮಿಷ ಸಿಕ್ಕರೆ ಅದೇ ಪುಣ್ಯ. ವೈದ್ಯರನ್ನು ಬೈದು ಪ್ರಯೋಜನವಿಲ್ಲ, ಅವರ ಮುಂದಿನ ಸಾಲು ಬಾಗಿಲಾಚೆಗೂ ಇರುತ್ತದೆ. ಸೂಜಿಯ ಚಿಕಿತ್ಸಾಲಯದಲ್ಲಿ ಆಕೆಯನ್ನು ಮಲಗಿಸುತ್ತಾರೆ, ಮುಟ್ಟಿ ಎಲ್ಲಿ ನೋವೆಂದು ಕೇಳುತ್ತಾರೆ, ಅರ್ಧ ಗಂಟೆ ಯಾರೂ ಎಬ್ಬಿಸುವುದಿಲ್ಲ. ಹೊಲದಲ್ಲೂ ಮನೆಯಲ್ಲೂ ಸಿಗದ ವಿಶ್ರಾಂತಿ ಅದು. ಅಲ್ಲಿ ಆಕೆಗೆ ಸಿಗುವ ಉಪಶಮನವನ್ನು ಮೂಢನಂಬಿಕೆ ಎಂದು ಹಂಗಿಸುವುದು ಅನ್ಯಾಯ. ಆ ಉಪಶಮನವನ್ನು ತೋರಿಸಿ ಲಕ್ವ, ಕಿಡ್ನಿ, ಸಕ್ಕರೆಗೂ ಸೂಜಿ ಮಾರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಚಿಕಿತ್ಸಾಲಯಗಳಿಂದ ನೋಂದಣಿಯನ್ನೂ ದರಪಟ್ಟಿಯ ಫಲಕವನ್ನೂ ಕೇಳುತ್ತದೆ. ಆ ದರಪಟ್ಟಿಯ ಪಕ್ಕದಲ್ಲಿ ಕನ್ನಡ ಮತ್ತು ಉರ್ದುವಿನಲ್ಲಿ ಇನ್ನೊಂದು ಫಲಕ ಕಡ್ಡಾಯವಾಗಬೇಕು: ಈ ಚಿಕಿತ್ಸೆಗೆ ಯಾವ ತೊಂದರೆಗಳಲ್ಲಿ ಎಷ್ಟರಮಟ್ಟಿನ ಪುರಾವೆಯಿದೆ, ಯಾವುದರಲ್ಲಿ ಇಲ್ಲ, ನಡೆಯುತ್ತಿರುವ ಯಾವ ಔಷಧವನ್ನು ಯಾವ ಕಾರಣಕ್ಕೂ ಬಿಡಬಾರದು. ಸೂಜಿ, ಹಿಜಾಮಾ, ಭಸ್ಮ, ಹೋಮಿಯೋಪತಿ ಗುಳಿಗೆ, ಮೊಣಕಾಲಿನ ಆಪರೇಷನ್ ಎಲ್ಲಕ್ಕೂ ಇದೇ ನಿಯಮ ಅನ್ವಯಿಸಲಿ.