ಹೊರಗಿನ ಕರೆಂಟು, ಒಳಗಿನ ಕರೆಂಟು

ಗರ್ಭಕೊರಳಿನ ಕ್ಯಾನ್ಸರ್ ಚಿಕಿತ್ಸೆಗೆ ನಮ್ಮ ಚಿಕ್ಕಮ್ಮ ಪಾಂಡವಪುರದಿಂದ ದಿನಾ ಮೈಸೂರಿಗೆ ಬಸ್ಸಲ್ಲಿ ಬರುತ್ತಿದ್ದರು. ಆಸ್ಪತ್ರೆಗೆ ಬಂದವರೇ ಒಂದಕ್ಕೆ ಹೋಗಿ ಬಂದು, ಅರ್ಧ ಲೀಟರ್ ನೀರು ಕುಡಿದು, ತಡೆದುಕೊಂಡು ಕೂರಬೇಕು. "ಕರೆಂಟಿಗಿಂತ ಇದೇ ಕಷ್ಟ ಕಣೋ" ಅನ್ನುತ್ತಿದ್ದರು.

ರೇಡಿಯೇಷನ್‌ಗೆ ನಮ್ಮ ಕಡೆ 'ಕರೆಂಟ್ ಕೊಡೋದು' ಅಂತಲೇ ಹೆಸರು. ಅಲ್ಲಿರುವುದು ಕರೆಂಟಲ್ಲ, ಬಹಳ ಜೋರಿನ ಎಕ್ಸ್‌ರೇ. ನೀರು ಯಾಕೆ? ಮೂತ್ರಕೋಶ ತುಂಬಿದರೆ ಸಣ್ಣ ಕರುಳು ಮೇಲಕ್ಕೆ ಸರಿಯುತ್ತದೆ, ಕಿರಣದ ದಾರಿ ಬಿಡುತ್ತದೆ. ಗರ್ಭಕೋಶವೂ ದಿನಾ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಸಿಗುತ್ತದೆ.

ಹಳೆಯ ಪದ್ಧತಿಯಲ್ಲಿ ಹಿಂದೆ, ಮುಂದೆ, ಎರಡು ಪಕ್ಕ, ಹೀಗೆ ನಾಲ್ಕು ಕಡೆಯಿಂದ ಕಿರಣ ಬಿಡುತ್ತಾರೆ. ನಡುವೆ ಸಿಕ್ಕ ಕರುಳಿಗೂ ಪಾಲು ಬೀಳುತ್ತದೆ. ಐಎಂಆರ್‌ಟಿ ಅನ್ನುವ ಹೊಸ ಪದ್ಧತಿಯಲ್ಲಿ ಯಂತ್ರದ ಬಾಯಲ್ಲಿರುವ ಲೋಹದ ತೆಳು ಪಟ್ಟಿಗಳು ಸರಿದಾಡಿ, ಕಿರಣವನ್ನು ಗಡ್ಡೆಯ ಆಕಾರಕ್ಕೆ ಕತ್ತರಿಸುತ್ತವೆ. ಮುಂಬೈನ ಟಾಟಾ ಆಸ್ಪತ್ರೆಯವರು ಗರ್ಭಕೋಶ ತೆಗೆಸಿಕೊಂಡಿದ್ದ ಹೆಂಗಸರಲ್ಲಿ ಎರಡನ್ನೂ ಹೋಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದಲ್ಲಿ ಕರುಳಿನ ತೊಂದರೆ ಹಳೆಯ ಪದ್ಧತಿಯಲ್ಲಿ ಶೇ. 42, ಹೊಸದರಲ್ಲಿ ಶೇ. 21. ಆದರೆ ಕಾಯಿಲೆ ಹತೋಟಿಗೆ ಬಂದದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ದುಬಾರಿ ಯಂತ್ರ ಉಳಿಸುವುದು ಕರುಳನ್ನು. ಅದೇನು ಸಣ್ಣದಲ್ಲ, ದಿನಾ ಹತ್ತು ಸಲ ಬಚ್ಚಲಿಗೆ ಓಡಿದವರನ್ನು ಕೇಳಿ.

ಇಪ್ಪತ್ತೈದು ದಿನ ಮುಗಿಯಿತು. ರಕ್ತ ಹೋಗುವುದು ನಿಂತಿತು. ಚಿಕ್ಕಮ್ಮ, "ಸಾಕು, ಇನ್ನು ಒಳಗಿನದು ಬೇಡ" ಅಂದರು. ಬಹಳ ಜನ ತಪ್ಪುವುದು ಇಲ್ಲೇ. ಗಡ್ಡೆ ಪೂರ್ತಿ ಸಾಯಲು 80 ಗ್ರೇಗಿಂತ (ಗ್ರೇ ಅಂದರೆ ಕಿರಣದ ಡೋಸಿನ ಅಳತೆ) ಜಾಸ್ತಿ ಬೇಕು. ಹೊರಗಿನಿಂದ ಸಿಗುವುದು 45–50. ಅದರಾಚೆ ಹೋದರೆ ಕರುಳು, ಮೂತ್ರಕೋಶ ತಡೆಯಲಾರವು. ಉಳಿದದ್ದನ್ನು ಒಳಗಿನ ಕರೆಂಟು, ಅಂದರೆ ಬ್ರಾಕಿಥೆರಪಿ, ಕೊಡುತ್ತದೆ. ಗರ್ಭಕೋಶದೊಳಗೆ ಸಣ್ಣ ಕೊಳವೆ ಇಟ್ಟು, ತಂತಿಯ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಇರಿಡಿಯಂ (ತಾನಾಗಿಯೇ ಕಿರಣ ಸೂಸುವ ಲೋಹ) ಕಳಿಸುತ್ತಾರೆ. ದೂರ ಎರಡು ಪಟ್ಟಾದರೆ ಅದರ ಜೋರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಗಡ್ಡೆಗೆ ಪೆಟ್ಟು ಜಾಸ್ತಿ, ಅಕ್ಕಪಕ್ಕಕ್ಕೆ ಕಮ್ಮಿ. ಹೊರಗಿನದು, ಒಳಗಿನದು ಸೇರಿ ಎಂಟು ವಾರದೊಳಗೆ ಮುಗಿಯಬೇಕು, ತಡವಾದಷ್ಟೂ ಗಡ್ಡೆ ಚೇತರಿಸಿಕೊಳ್ಳುತ್ತದೆ.

ಹೇಗೋ ಒಪ್ಪಿಸಿದೆವು. ಒಳಗಿನದು ಮುಗಿಸಿ ಈಚೆ ಬಂದಾಗ ಅವರಿಗೆ ಹೊಸ ಚಿಂತೆ. ಎರಡು ತಿಂಗಳ ಹಿಂದೆ ಅಲ್ಲೇ ಮಾಡಿಸಿಕೊಂಡಿದ್ದ ಪಕ್ಕದೂರಿನವರಿಗೆ ಆರೇ ನಿಮಿಷ ಹಿಡಿದಿತ್ತಂತೆ, ಇವರಿಗೆ ಹತ್ತು ದಾಟಿತು. "ನಂದು ಜಾಸ್ತಿ ಆಗೋಗಿದೆಯೇನೋ?" ಇರಲಿಕ್ಕಿಲ್ಲ. ಇರಿಡಿಯಂ 74 ದಿನಕ್ಕೆ ಅರ್ಧ ಕಸುವು ಕಳೆದುಕೊಳ್ಳುತ್ತದೆ. ಹಳತಾದಷ್ಟೂ ಅಷ್ಟೇ ಡೋಸಿಗೆ ಜಾಸ್ತಿ ಹೊತ್ತು ಬೇಕು, ಅಷ್ಟೇ.